ಪರವಾನಗಿ ಬಂತು, ಸೆರಗು ಬರಲಿಲ್ಲ

ಸರಕಾರದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ಇಡೀ ಇಳಕಲ್ಲಿನಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬೆಲ್ಲದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಜನ ಬೆಲ್ಲ ಒಯ್ಯುತ್ತಿದ್ದರು, ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಅದನ್ನು ನೋಡಿಯಾದರೂ ನನಗೆ ಗೊತ್ತಾಗಬೇಕಿತ್ತು.

ಅದು ಪ್ಲೇಗಿನ ಕಾಲ. ಬಾಡಿಗೆಗೆ ಕೊಟ್ಟ ಕೋಣೆಗಳನ್ನೆಲ್ಲ ಸರಕಾರದ ಸಾಹೇಬರು ಬಂದು ತಪಾಸಣೆ ಮಾಡುತ್ತಾರೆ, ಸರಿಯಿದ್ದರೆ ಪರವಾನಗಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ ಎಂದು ಊರಲ್ಲಿ ಡಂಗುರ ಹೊಡೆಸಿದರು. ನಮ್ಮ ಹಿತ್ತಲ ಕೋಣೆಯಲ್ಲಿ ನೇಕಾರ ಮೌಲಾಸಾಬ ಹೆಂಡತಿ ಮಕ್ಕಳೊಡನೆ ಬಾಡಿಗೆಗಿದ್ದ. ಕೋಣೆಯ ಅರ್ಧಕ್ಕಿಂತ ಹೆಚ್ಚು ಜಾಗ ಅವನ ಕುಣಿಮಗ್ಗದ್ದೇ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವನು ಆಗ ನೇಯುತ್ತಿದ್ದದ್ದು ನನ್ನ ಮಗಳು ನೀಲವ್ವನ ಮದುವೆ ಸೀರೆ. ಒಡಲು ಮುಗಿದಿತ್ತು, ಕೆಂಪು ರೇಷ್ಮೆಯ ಸೆರಗು ಮಾತ್ರ ಬಾಕಿ. ನೀಲವ್ವ ಏನಾದರೊಂದು ನೆವ ಮಾಡಿ ಹಿತ್ತಲಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದಳು.

ಆ ವಾರ ಹುನಗುಂದದ ಸಂತೆಯಲ್ಲಿ ಒಂದು ಸುದ್ದಿ ಕೇಳಿದೆ. ಅಲ್ಲೊಬ್ಬರ ಬಾಡಿಗೆ ಮನೆಯೊಳಗೆ ಜೋಳ ತುಂಬುವ ಹಗೇವು ಇತ್ತಂತೆ, ಅದರಲ್ಲಿ ಇಲಿ ಸತ್ತಿದ್ದವಂತೆ, ಮನೆಗೆ ಬೀಗ ಬಿತ್ತಂತೆ. ಹಗೇವು ಎಂದರೆ ನೆಲದೊಳಗಿನ ಕುಣಿ. ಮಗ್ಗದ್ದೂ ಕುಣಿಯೇ. ನನ್ನ ತಲೆ ಚುರುಕಾಯಿತು!

ಊರಿಗೆ ಬಂದವನೇ ಮಗ್ಗ ಬಿಚ್ಚಿ ಕುಣಿ ಮುಚ್ಚಲು ಹೇಳಿದೆ. ಮೌಲಾಸಾಬ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ.

"ಯಜಮಾನ್ರ, ಊರ ತುಂಬ ಇಂಥಾ ಕುಣಿನ ಅದಾವ. ಎಷ್ಟು ಮನಿಗಂತ ಬೀಗ ಹಾಕ್ಯಾರು?"

"ನಿನಗ ಸರಕಾರ ಗೊತ್ತಿಲ್ಲ," ಎಂದೆ.

ಮನೆ ನನ್ನದು, ಆದ್ದರಿಂದ ಕೊನೆಯ ಮಾತೂ ನನ್ನದೇ ಆಯಿತು. ಅವನು ಮಗ್ಗ ಬಿಚ್ಚಿದ. ರೇಷ್ಮೆ ಎಳೆಗಳನ್ನು ಮಾತ್ರ ತನ್ನ ಅಣ್ಣನ ಮನೆಯಲ್ಲಿ ಇಟ್ಟು ಬರುತ್ತೇನೆಂದ. ದಾರಿಯಲ್ಲಿ ಸಾಹೇಬರು ನೋಡಿದರೆ ಏನು ಗತಿ ಎಂದು ಹೆದರಿಸಿ, ಸೀರೆ ಎಳೆ ಎಲ್ಲವನ್ನೂ ಗಂಟು ಕಟ್ಟಿಸಿ ಕುಣಿಯೊಳಗೇ ಇಡಿಸಿದೆ. ಮೇಲೆ ನನ್ನ ಅಂಗಡಿಯ ಬೆಲ್ಲದ ಪೆಟ್ಟಿಗೆಯ ಹಲಗೆ, ಅದರ ಮೇಲೆ ಜಮಖಾನ. ನೋಡಿದವರು ಕುಣಿ ಇದೆ ಎಂದು ಕನಸಿನಲ್ಲೂ ಅಂದುಕೊಳ್ಳಬಾರದು, ಹಾಗೆ.

ಸಾಹೇಬರು ಬಂದರು. ಬಾಗಲಕೋಟೆ ಕಡೆಯ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಗೋಡೆಯ ಸುಣ್ಣ ನೋಡಿದರು, ಮಾಳಿಗೆಯ ಬೆಳಕಿಂಡಿ ನೋಡಿದರು, ಆಮೇಲೆ ಮೌಲಾಸಾಬನ ಉದ್ಯೋಗ ಏನೆಂದು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ನಾನು ನಡುವೆ ಬಾಯಿ ಹಾಕಿ ಏನೂ ಉದ್ಯೋಗವಿಲ್ಲ ಎಂದೆ. ಉದ್ಯೋಗವಿಲ್ಲದವನು ಪರವೂರಿನವನೇ ಇರಬೇಕು, ರೋಗ ತಂದಿರಲೂಬಹುದು, ಅಂಥವರನ್ನು ಊರ ಹೊರಗಿನ ಗುಡಿಸಲಿಗೆ ಕಳಿಸಬೇಕಾಗುತ್ತದೆ ಎಂದರು ಸಾಹೇಬರು. ಮೌಲಾಸಾಬನ ಹೆಂಡತಿ ಕೂಸನ್ನು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಳು. 

ಅವಳ ಮುಖ ನೋಡಿದ ಗಾಬರಿಯಲ್ಲಿ ಇವರು ನಮ್ಮ ಸಂಬಂಧಿಕರು ಎಂದುಬಿಟ್ಟೆ. ಸಾಹೇಬರು ನನ್ನ ಹಣೆಯ ವಿಭೂತಿ ನೋಡಿದರು. ಮೌಲಾಸಾಬನ ಗಡ್ಡ ನೋಡಿದರು. ಸಂಬಂಧಿಕರಿಂದ ಬಾಡಿಗೆ ಏಕೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಹೇಳಲೆಂದು ಅವರ ಹತ್ತಿರ ಸರಿದೆ, ಜಮಖಾನದ ಮೇಲೆ ಕಾಲಿಟ್ಟೆ.

ಬೆಲ್ಲದ ಪೆಟ್ಟಿಗೆಯ ಹಲಗೆ ಬೆಲ್ಲವನ್ನಷ್ಟೇ ಹೊರುತ್ತದೆ. ಸೊಂಟದವರೆಗೆ ಕುಣಿಯೊಳಗೆ ಇಳಿದೆ! ಗಂಟು ಬಿಚ್ಚಿ ರೇಷ್ಮೆಯೆಲ್ಲ ನನ್ನ ಕಾಲಿಗೆ ಸುತ್ತಿಕೊಂಡಿತು. ಸದ್ದು ಕೇಳಿ ನನ್ನ ಹೆಂಡತಿ ಗುರುಬಸವ್ವ ಓಡಿ ಬಂದಳು.

"ಕಾಲು ಎತ್ತಬ್ಯಾಡ್ರಿ, ಎಳಿ ಹರಿತಾವ," ಎಂದಳು.

ಅಷ್ಟರಲ್ಲಿ ಎತ್ತಿದ್ದೆ.

ಸಾಹೇಬರು ಬಗ್ಗಿ ಕುಣಿ ನೋಡಿದರು. "ಮಗ್ಗದ ಕುಣಿ ಮುಚ್ಚಿರೇನ್ರಿ? ಇಳಕಲ್ಲಾಗ ಇದಕ್ಕ ಬೀಗ ಹಾಕಿದ್ರ ಊರಿಗೇ ಬೀಗ ಹಾಕಬೇಕಾಗ್ತದ. ನಾ ನೋಡಾಕ ಬಂದದ್ದು ಗಾಳಿ ಬೆಳಕು."

ಅಲ್ಲೇ ನಿಂತು ಪರವಾನಗಿ ಬರೆದುಕೊಟ್ಟರು. ಅದನ್ನು ನಾನು ಕುಣಿಯೊಳಗಿನಿಂದಲೇ ಕೈ ಚಾಚಿ ಇಸಿದುಕೊಂಡೆ. ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಹರಿದ ರೇಷ್ಮೆ ನೋಡಿ ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೌಲಾಸಾಬ ಹರಿದ ಎಳೆಗಳನ್ನು ಒಂದೊಂದಾಗಿ ಕೂಡಿಸಲು ಕೂತ. ನಾಚಿಕೆ ತಾಳದೆ ನಾನೂ ಅವನ ಎದುರಿಗೆ ಕೂತು ಸಹಾಯ ಮಾಡತೊಡಗಿದೆ. ಅವನು ಹಗಲೆಲ್ಲ ಕೂಡಿಸಿದ್ದನ್ನು ನನ್ನ ಬೆರಳು ಸಂಜೆಯೊಳಗೆ ಗೋಜಲು ಮಾಡುತ್ತಿದ್ದವು. ಮದುವೆಯ ದಿನ ಬಂತು, ಸೆರಗು ಬರಲಿಲ್ಲ. ಹೊಸ ಸೀರೆಯ ಊರಾದ ಇಳಕಲ್ಲಿನಲ್ಲಿ ನನ್ನ ಮಗಳು ತಾಯಿಯ ಹಳೆಯ ಸೀರೆ ಉಟ್ಟು ಹಸೆಮಣೆಗೆ ಕೂತಳು.

"ಅವ್ವನ ಸೀರಿ ಮೆತ್ತಗ ಐತಿ ಬಿಡಪ್ಪಾ," ಎಂದು ನನಗೇ ಸಮಾಧಾನ ಹೇಳಿದಳು. ಅಕ್ಕಿಕಾಳು ಹಾಕುವಾಗ ನಾನು ಅವಳ ಮುಖ ನೋಡಲಿಲ್ಲ, ನೋಡಲು ಆಗಲಿಲ್ಲ.

ನಾಗರಪಂಚಮಿಗೆ ಅವಳು ತವರಿಗೆ ಬರುವವಳಿದ್ದಳು. ಅಷ್ಟರೊಳಗೆ ಸೆರಗು ಮುಗಿಯಲೇಬೇಕೆಂದು ತೋಳೇರಿಸಿಕೊಂಡು ಮತ್ತೆ ಹಿತ್ತಲಿಗೆ ಹೋದೆ. ಮೌಲಾಸಾಬ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಸಿಟ್ಟಾಗಬ್ಯಾಡ್ರಿ ಯಜಮಾನ್ರ. ಸೆರಗು ಮುಗಿಯೂತನಾ ನೀವು ಹೊರಗ ಕುಂಡ್ರಿ."

ಹೊರಗೆ ಕೂತೆ. ನನ್ನದೇ ಮನೆ, ನನ್ನದೇ ಕೋಣೆ, ಪರವಾನಗಿಯೂ ನನ್ನ ಹೆಸರಿನದೇ. ಪಂಚಮಿಯ ದಿನ ನೀಲವ್ವ ಕೆಂಪು ಸೆರಗನ್ನು ತಲೆತುಂಬ ಹೊದ್ದು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಆ ಸೀರೆಗಾಗಿ ನಾನು ಪಟ್ಟ ಪಾಡಿನಲ್ಲಿ, ಹೊರಗೆ ಕೂತದ್ದೊಂದನ್ನೇ ತಪ್ಪಿಲ್ಲದೆ ಮಾಡಿದ್ದೆ.