ಅತ್ತೆಯ ಸಿಳ್ಳೆ ನುಂಗಿದ ಫರ್ಮ್‌ವೇರ್ ಮಹಾಶಯರಿಗೆ

ಮಾನ್ಯರೇ,

ನನ್ನ ಕಂಪ್ಯೂಟರಿನ ಪರದೆ ಬೆಳಗುವ ಮುಂಚೆಯೇ ಎದ್ದು, ಆಪರೇಟಿಂಗ್ ಸಿಸ್ಟಂ ಎಂಬ ಯಜಮಾನರನ್ನು ಎಬ್ಬಿಸಿ ಗದ್ದುಗೆಯಲ್ಲಿ ಕೂರಿಸಿ, ಆಮೇಲೆ ಇದ್ದೀರೋ ಇಲ್ಲವೋ ಎಂಬಂತೆ ಮರೆಗೆ ಸರಿಯುವ ತಮಗೆ, ಮನೆಯಲ್ಲೇ ಧ್ವನಿಮುದ್ರಣ ಮಾಡಿ ಬದುಕುವ ನನ್ನ ನಮಸ್ಕಾರಗಳು.

ನನ್ನ ಸೋದರತ್ತೆಯವರ ಮುಂದಿನ ಹಲ್ಲುಗಳ ನಡುವೆ ಒಂದು ಸಂದಿಯಿದೆ. ಅವರು ಹೇಳುವ ಕಥೆಯಲ್ಲಿ ನರಿ ಏಳು ಬಾರಿ ನಗುತ್ತದೆ; ನಕ್ಕಾಗಲೆಲ್ಲ ಆ ಸಂದಿಯಿಂದ ಹೊರಡುವ ಸಿಳ್ಳೆ ಕೇಳಿಯೇ ನಮ್ಮ ಮನೆಯ ಮಕ್ಕಳೆಲ್ಲ ಹಟ ಬಿಟ್ಟು ಊಟ ಮಾಡಿದವರು. ಸೋಮವಾರ ದಂತವೈದ್ಯರು ಆ ಸಂದಿಯನ್ನು ಮುಚ್ಚುವವರಿದ್ದರು. ಆದ್ದರಿಂದ ಭಾನುವಾರವೇ ಬಾಗಿಲಿಗೆ ಹಾಸಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ, ಬೆವರೊರೆಸುತ್ತ ಕಥೆ ಮುದ್ರಿಸಿಕೊಂಡೆ. ತಿರುಗಿ ಕೇಳಿದರೆ ನಡುವೆ ಒಂದು ‘ಟಕ್’, ನರಿಯ ನಗು ಮಾಯ! ಎರಡನೆಯ ಸಲ ನರಿಯ ಬಾಲದ ಮಾತೇ ಹೋಯಿತು. ಮೂರನೆಯ ಸಲ ಮತ್ತೆ ನಗು.

“ಮಿಷನ್ನಿಗೇನೂ ಆಗಿಲ್ಲ ಕಣೋ, ನಿನ್ನ ಕೈಗುಣಾನೇ ಅಷ್ಟು” ಎಂದರು ಅತ್ತೆ. ಆಪರೇಟಿಂಗ್ ಸಿಸ್ಟಮಿನ ದಾಖಲೆಯೂ ‘ಎಲ್ಲ ಕ್ಷೇಮ’ ಎಂದು ಅವರ ಪರವಾಗಿಯೇ ಸಾಕ್ಷಿ ನುಡಿಯಿತು.

ಕೊನೆಗೆ ತಮ್ಮ ಖಾಸಗಿ ಪರದೆಯನ್ನೇ ತೆರೆದಾಗ ತಿಳಿಯಿತು: ಪೆಟ್ಟಿಗೆಯೊಳಗೆ ಸಾಲಾಗಿ ನೆಟ್ಟ ಮೆಮೊರಿ ಪಟ್ಟಿಗಳ ಪೈಕಿ ಎರಡನೆಯದರಲ್ಲಿ ಹನ್ನೊಂದು ಸಾವಿರ ತಪ್ಪುಗಳು, ಎಲ್ಲವೂ ತಮ್ಮಿಂದಲೇ ದುರಸ್ತಿ! ಅಲ್ಲೊಂದು ಅಂಕಿ ಮಗುಚಿತೆಂದರೆ ‘ಇಂಟರಪ್ಟ್’ ಎಂಬ ತುರ್ತು ಕೂಗು ಮೊದಲು ತಮಗೇ ಬರುತ್ತದಂತೆ. ತಾವು ಇಡೀ ಯಂತ್ರವನ್ನು ನಿಂತ ನಿಲುವಿನಲ್ಲೇ ತಡೆದು, ತಪ್ಪನ್ನು ತಮ್ಮದೇ ಪುಸ್ತಕದಲ್ಲಿ ಗುಟ್ಟಾಗಿ ಬರೆದುಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಬಿಟ್ಟುಕೊಡುತ್ತೀರಂತೆ. ಆ ಕ್ಷಣದ ಸದ್ದು ಮಾತ್ರ ಮುದ್ರಣಕ್ಕೆ ಸಿಗುವುದಿಲ್ಲ. ಹೀಗೆ ಮೂರ್ಛೆ ಹೋಗಿದ್ದು ಯಜಮಾನರಿಗೇ ಗೊತ್ತಿಲ್ಲ. ಮಗುವಿನ ಜ್ವರದ ಸುದ್ದಿ ತಾಯಿಗೂ ಹೇಳದೆ, ಮನೆಮಂದಿಯನ್ನೆಲ್ಲ ನಿದ್ದೆಗೆ ಕೆಡವಿ, ತಾನೇ ಔಷಧ ಕುಡಿಸುವ ಹಿರಿಯಣ್ಣನ ಇಂಥ ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದಕಾರಣ, ಇನ್ನು ಮುಂದೆ ಅತ್ತೆ ಉಸಿರೆಳೆದುಕೊಳ್ಳುವಾಗಲಷ್ಟೇ ತಿದ್ದುಪಡಿ ನಡೆಸಬೇಕೆಂದೂ, ಕದ್ದ ಕ್ಷಣಗಳನ್ನು ಲಕೋಟೆಯಲ್ಲಿಟ್ಟು ಹಿಂದಿರುಗಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ವಿಷಯ ತಿಳಿದ ಅತ್ತೆ ಸೋಮವಾರ ಬೆಳಿಗ್ಗೆಯೇ ದಂತವೈದ್ಯರಿಗೆ ಫೋನು ಮಾಡಿ, “ಇವತ್ತು ಬರಲ್ಲ ಡಾಕ್ಟ್ರೇ, ಮೊದಲು ಈ ಪೆಟ್ಟಿಗೆ ಹಲ್ಲು ಕೀಳಿಸ್ಬೇಕು” ಎಂದರು. ನಾನು ಆ ಎರಡನೆಯ ಪಟ್ಟಿಯನ್ನು ಕಿತ್ತೆ. ನಾಲ್ಕನೆಯ ಸಲ ನರಿ ಏಳು ಬಾರಿಯೂ ಸಿಳ್ಳೆ ಹಾಕಿಕೊಂಡೇ ನಕ್ಕಿತು. ಪೆಟ್ಟಿಗೆಯೊಳಗೆ ಈಗ ಸಾಲಿನ ನಡುವೆ ಒಂದು ಸಂದಿ. ಅದನ್ನು ಬಗ್ಗಿ ನೋಡಿದ ಅತ್ತೆ, “ಹೀಗೇ ಚೆನ್ನಾಗಿದೆ, ಬಿಡು” ಎಂದು ತಮ್ಮ ಚಿಕಿತ್ಸೆಯನ್ನೂ ರದ್ದು ಮಾಡಿದ್ದಾರೆ.

ಕೈಗುಣದ ಅಪವಾದದಿಂದ ಬಿಡುಗಡೆಗೊಂಡ,
ತಮ್ಮ ವಿಶ್ವಾಸಿ,
ಅತ್ತೆಯ ಸೋದರಳಿಯ

ಮರೆತ ಮಾತು: ಈ ಪತ್ರದಲ್ಲಿ ತಪ್ಪು ಕಂಡರೆ ದಯವಿಟ್ಟು ಲೋಕವನ್ನೆಲ್ಲ ನಿಲ್ಲಿಸಿ ಗುಟ್ಟಾಗಿ ತಿದ್ದಬೇಡಿ. ಒಂದು ಮಾತು ಹೇಳಿ. ಅಭ್ಯಾಸವಿಲ್ಲವೆಂದು ಗೊತ್ತು, ಆದರೂ.