ಬೀಗಿತಿ ವಿಚಾರಿಸಿದ ಮೊಣಕಾಲು

ಎಲ್ಲದಕ್ಕೂ ಮೂಲ ಒಂದು ಪ್ರಶ್ನೆ. ಬಂಗಾರಪೇಟೆಯ ಮುತ್ಯಾಲಮ್ಮ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಬಂದವರು, ಬದನೆಕಾಯಿ ರಾಶಿಯ ಮುಂದೆ ನರಸಮ್ಮನನ್ನು ಹಿಡಿದು ನಿಲ್ಲಿಸಿ, "ನಿಮ್ಮ ಪಕ್ಕದ್ಮನೆ ಅಮ್ಮಾಜಿ ಅವ್ಳಲ್ಲ, ಅವಳಪ್ಪಂಗೆ ಮೊಣಕಾಲು ಎಂಗೈತೆ?" ಎಂದು ಕೇಳಿದರು. ಎರಡನೆಯ ಮಗನಿಗೆ ತಂದುಕೊಳ್ಳಬೇಕೆಂದಿರುವ ಹುಡುಗಿಯ ಬಣ್ಣ ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಅವಳ ಅಪ್ಪನ ಮೊಣಕಾಲನ್ನು ಮಾತ್ರ ಕೇಳಿದರು. ನರಸಮ್ಮ ನೆರೆಮನೆಯ ಮಾನ ಕಾಯುವ ಹೆಂಗಸು. ಗುಂಡುಕಲ್ಲಿನ ಹಾಗಿದೆ ಎಂದುಬಿಟ್ಟಳು. ಅದನ್ನು ಕೇಳಿ ಮುತ್ಯಾಲಮ್ಮನವರ ಮುಖ ಸಪ್ಪಗಾಯಿತಂತೆ.

"ನಂಬ್ಲಿಲ್ಲ ಕಣಕ್ಕಾ, ಅದ್ಕೇ ಮುಖ ಅಂಗೆ ಮಾಡ್ಕೊಂಡ್ರು," ಎಂದು ನರಸಮ್ಮ ಬದನೆಕಾಯಿ ಕೊಳ್ಳುವುದನ್ನೂ ಮರೆತು ಬಂದು ಅಮ್ಮಾಜಿಯ ತಾಯಿ ಆದಿಲಕ್ಷ್ಮಮ್ಮನಿಗೆ ವರದಿ ಒಪ್ಪಿಸಿದಳು.

ಆದಿಲಕ್ಷ್ಮಮ್ಮನ ಗಂಡ ಕೋದಂಡಪ್ಪನ ಬಲಮೊಣಕಾಲಿನ ಮೇಲೆ ಹಿಂದೊಮ್ಮೆ ಗಣಿಯೊಳಗೆ ಕಲ್ಲು ಬಿದ್ದಿತ್ತು. ಆಮೇಲೆ ಅವನಿಗೆ ಮೇಲ್ಗಡೆ ದೀಪದ ರೂಮಿನಲ್ಲಿ ಕೆಲಸ ಕೊಟ್ಟಿದ್ದರು. ಪಾಳಿಗೆ ಇಳಿಯುವವರಿಗೆ ಸ್ಟೂಲಿನ ಮೇಲೆ ಕೂತು ದೀಪ ಎತ್ತಿಕೊಡುವುದು, ಹತ್ತಿಬಂದವರಿಂದ ವಾಪಸು ತೆಗೆದುಕೊಳ್ಳುವುದು. ಸಮನಾದ ನೆಲದಲ್ಲಿ ಆ ಮೊಣಕಾಲು ಸುಮ್ಮನಿರುತ್ತಿತ್ತು. ಮೆಟ್ಟಿಲು ಕಂಡರೆ ಮಾತ್ರ ಕಟಕ್ ಎಂದು ಸದ್ದು ಮಾಡಿ ಹಟ ಹಿಡಿಯುತ್ತಿತ್ತು.

ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಈ ಹುಡುಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದ, ಮೇಲಾಗಿ ಅಮ್ಮಾಜಿ ಬಾಯಿಬಿಟ್ಟು ಆಗಲಿ ಎಂದದ್ದು ಇವನೊಬ್ಬನಿಗೇ. ಹುಡುಗನ ಕಡೆಯವರು ಬಂದು ಹೋದಾಗಿನಿಂದ ಅವಳು ರಾಗಿ ಬೀಸುವಾಗಲೂ ಹಾಡಿಕೊಳ್ಳುತ್ತಿದ್ದಳು. ತನ್ನ ಕುಂಟುಕಾಲಿನ ದೆಸೆಯಿಂದ ಆ ಹಾಡು ನಿಂತುಹೋದರೆ ಏನು ಗತಿ ಎಂದು ಕೋದಂಡಪ್ಪನಿಗೆ ಊಟ ಸೇರದಾಯಿತು.

ಅಷ್ಟು ಸಾಲದು ಎಂಬಂತೆ ಪೆರುಮಾಳ್ ಕೈಹಾಕಿದ. ಇವನು ದೀಪದ ರೂಮಿನ ಇನ್ನೊಂದು ಸ್ಟೂಲಿನವನು, ಉಪಕಾರಕ್ಕೆ ಯಾರೂ ಕರೆಯಬೇಕಾಗಿಲ್ಲದ ಮನುಷ್ಯ. ಅವನು ಭಾನುವಾರಕ್ಕೆ ಒಂದು ಬಸ್ಸು ಗೊತ್ತುಮಾಡಿ, ಕಾಮಸಮುದ್ರದ ಆಚೆ ಆಂಧ್ರದ ಗಡಿ ದಾಟಿದರೆ ಸಿಗುವ ತುಮ್ಮೆದಕೊಂಡಕ್ಕೆ ಟ್ರಿಪ್ಪು ಹೊರಡಿಸಿದ್ದ. ಸೀಟು ಉಳಿದಿದ್ದವು. ಬಸ್ಸು ಹೇಗೂ ಬಂಗಾರಪೇಟೆಯ ಮೇಲೆಯೇ ಹೋಗುತ್ತದೆ ಎಂದು ಹುಡುಗನ ಅಪ್ಪ ಚಿಕ್ಕಮುನಿಯಪ್ಪನವರನ್ನೂ ಮುತ್ಯಾಲಮ್ಮನವರನ್ನೂ ಕರೆದು ಬಂದ. ಒಂದು ದಿನ ಜೊತೆಯಲ್ಲಿ ತಿರುಗಾಡಿದರೆ ಮಾತು ಗಟ್ಟಿಯಾಗುತ್ತದೆ ಎನ್ನುವುದು ಅವನ ಲೆಕ್ಕ.

ಕೋದಂಡಪ್ಪ ಜ್ವರ ಬರಿಸಿಕೊಳ್ಳಲು ನೋಡಿದ. ಆದಿಲಕ್ಷ್ಮಮ್ಮ ಬಿಡಲಿಲ್ಲ. ಬರದೇ ಹೋದರೆ ಕಾಲು ಪೂರ್ತಿ ಹೋಗಿದೆ ಅಂದುಕೊಳ್ಳುತ್ತಾರೆ ಎಂದಳು. ಅದೂ ನಿಜವೇ.

ತುಮ್ಮೆದಕೊಂಡ ಬೆಟ್ಟದ ನೆತ್ತಿಯ ಮೇಲಿನ ಹಳೆಯ ಪೇಟೆ. ಬಸ್ಸು ಕಲ್ಲಿನ ಹೆಬ್ಬಾಗಿಲವರೆಗೆ ಮಾತ್ರ ಹೋಗುತ್ತದೆ. ಒಳಗೆ ಗಾಡಿ ಹಾಗಿರಲಿ, ಸೈಕಲ್ ಕೂಡ ಇಲ್ಲ. ಬೀದಿ ಎಂದರೆ ಮೆಟ್ಟಿಲು, ಮೆಟ್ಟಿಲು ಮುಗಿದರೆ ಏರು, ಏರು ಮುಗಿದರೆ ಮತ್ತೆ ಮೆಟ್ಟಿಲು. ತುದಿಯಲ್ಲಿ ಬಂಡೆಯ ಮೇಲೊಂದು ಗುಡಿ. ಸಂಜೆ ಹಾರನ್ ಹೊಡೆದಾಗ ಬಾರದವರು ನಡೆದುಕೊಂಡೇ ಊರಿಗೆ ಬರಬೇಕಾಗುತ್ತದೆ ಎಂದು ಹೇಳಿ ಡ್ರೈವರು ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ.

ಹೆಬ್ಬಾಗಿಲ ನೆರಳಿನಲ್ಲಿ ಇಬ್ಬರು ಡೋಲಿಯವರು ಬೀಡಿ ಸೇದುತ್ತಿದ್ದರು. ಬಸ್ಸಿನಿಂದ ಇಳಿದವರನ್ನೆಲ್ಲ ಬಿಟ್ಟು ಅವರು ನೇರವಾಗಿ ಕೋದಂಡಪ್ಪನ ಹತ್ತಿರ ಬಂದು, "ಅಯ್ಯಾ, ಡೋಲಿ ಕಾವಾಲಾ?" ಎಂದು ತೆಲುಗಿನಲ್ಲಿ ಕೇಳಿದರು. ಚಿಕ್ಕಮುನಿಯಪ್ಪ ಪಕ್ಕದಲ್ಲೇ ನಿಂತಿದ್ದರು. ಕೋದಂಡಪ್ಪ ನಕ್ಕು, ಡೋಲಿ ಎಲ್ಲ ಮುದುಕರಿಗೆ ಎಂದು ಕೊಡೆ ಊರಿಕೊಂಡು ಮೊದಲ ಮೆಟ್ಟಿಲು ಹತ್ತಿದ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ, ಆದರೂ ಕೊಡೆ ಯಾಕೆ ಎಂದು ಯಾರೂ ಕೇಳಲಿಲ್ಲ. ಡೋಲಿಯವರು ಡೋಲಿ ಎತ್ತಿಕೊಂಡು ಅವನ ಹಿಂದೆಯೇ ಹೊರಟರು.

ಕೋದಂಡಪ್ಪ ಒಂದು ಉಪಾಯ ಹೂಡಿದ್ದ. ಮೊಣಕಾಲು ಕಟಕ್ ಎಂದ ಕಡೆಯಲ್ಲೆಲ್ಲ ಏನಾದರೊಂದನ್ನು ಮೆಚ್ಚಿಕೊಂಡು ನಿಲ್ಲುವುದು. ಮೊದಲು ಒಂದು ಶಾಸನದ ಕಲ್ಲು ಸಿಕ್ಕಿತು. ಅದರ ಲಿಪಿ ಅವನಿಗೆ ಗೊತ್ತಿರಲಿಲ್ಲ, ಆದರೂ ಮೇಲಿಂದ ಕೆಳಗೆ ಬೆರಳಿಟ್ಟು ಓದಿ ತಲೆದೂಗಿದ. ಆಮೇಲೆ ಬಾಚಣಿಗೆ ಅಂಗಡಿ. ಅಲ್ಲಿ ಕೂತು ಎಲ್ಲ ಬಾಚಣಿಗೆಗಳ ಹಲ್ಲನ್ನೂ ಪರೀಕ್ಷೆ ಮಾಡಿದ. ಅವನ ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿಲ್ಲವೆಂದು ಅಂಗಡಿಯವನಿಗೆ ಕಾಣುತ್ತಲೇ ಇತ್ತು. ಕಲ್ಲಿನ ಸಾಮಾನಿನ ಅಂಗಡಿಯಲ್ಲಿ ಇನ್ನೂ ಹೆಚ್ಚು ಹೊತ್ತು ಕೂತದ್ದರಿಂದ ಮುಲಾಜಿಗೆ ಬಿದ್ದು ಒಂದು ಕುಟ್ಟಾಣಿ ಕೊಳ್ಳಬೇಕಾಯಿತು. ಅಂಗೈ ಮೇಲೆ ಕೂರುವಷ್ಟೇ ಇದ್ದರೂ ಒಳ್ಳೇ ಭಾರ. ಅದನ್ನು ಟವೆಲಿನಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡ.

"ನಿಮ್ ಯಜಮಾನ್ರಿಗೆ ಬಲೇ ಆಸಕ್ತಿ," ಎಂದರು ಮುತ್ಯಾಲಮ್ಮ.

ಆ ಮಾತು ಆದಿಲಕ್ಷ್ಮಮ್ಮನಿಗೆ ಅನುಮಾನದ ಹಾಗೆ ಕೇಳಿಸಿತು. ಅವಳು ಗಂಡನ ಪಕ್ಕಕ್ಕೆ ಸರಿದು, ಆ ಹೆಂಗಸು ಕಾಲನ್ನೇ ನೋಡುತ್ತಿದ್ದಾಳೆ, ನಿಲ್ಲಬೇಡಿ ಎಂದು ಪಿಸುಗುಟ್ಟಿದಳು. ಮುತ್ಯಾಲಮ್ಮ ನಿಜವಾಗಿಯೂ ಅವನ ಕಾಲನ್ನೇ ನೋಡುತ್ತಿದ್ದರು. ಕೋದಂಡಪ್ಪ ಹಲ್ಲುಕಚ್ಚಿ ಹೆಜ್ಜೆ ಬೀಸಿದ. ಡೋಲಿಯವರೂ ಹೆಜ್ಜೆ ಬೀಸಿದರು. ಅವನು ನಿಂತರೆ ನಿಲ್ಲುವರು, ಹೊರಟರೆ ಹೊರಡುವರು. ಕೊನೆಗೆ ಅವರ ಕಾಟ ತಪ್ಪಿಸಲು ಅವನು ಮುತ್ಯಾಲಮ್ಮನವರನ್ನೇ ಡೋಲಿಯಲ್ಲಿ ಕೂರಿಸಿ ತನ್ನ ಜೇಬಿನಿಂದ ಹಣ ಕೊಟ್ಟ. ಅದರಿಂದ ಆದ ಲಾಭ ಇಷ್ಟೇ. ಮುತ್ಯಾಲಮ್ಮ ಈಗ ಎತ್ತರದಲ್ಲಿ ನಿರಾಳವಾಗಿ ಕೂತು ಅವನ ಕಾಲನ್ನು ನೋಡುತ್ತಾ ಬಂದರು.

ಪೇಟೆಯ ಕೊನೆಯ ಮಂಟಪದಲ್ಲಿ ಬುತ್ತಿ ಬಿಚ್ಚಿದರು. ಇಲ್ಲಿಗೆ ಮುಗಿಯಿತು ಎಂದು ಕೋದಂಡಪ್ಪ ಕಾಲು ಚಾಚಿ ಕೂತು ಪುಳಿಯೋಗರೆಗೆ ಕೈಹಾಕಿದ. ಆಗಲೇ ಪೆರುಮಾಳನಿಗೆ ಗೆಳೆಯನ ಮಾನ ಹೆಚ್ಚಿಸುವ ಬುದ್ಧಿ ಬಂತು. ಒಮ್ಮೆ ಗಣಿಯಲ್ಲಿ ಆಳುಗಳನ್ನು ಇಳಿಸಿ ಹತ್ತಿಸುವ ಕೇಜು ಕೆಟ್ಟು ನಿಂತಾಗ ಈ ಕೋದಂಡಪ್ಪಣ್ಣ ಪಾತಾಳದಿಂದ ಏಣಿ ಹತ್ತಿಕೊಂಡೇ ಮೇಲೆ ಬಂದವರು, ಜೊತೆಗೆ ಇನ್ನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು ಎಂದು ಎಲ್ಲರೆದುರು ಹೇಳಿದ. ಬೆನ್ನ ಮೇಲೆ ಬಂದವನು ಕೋದಂಡಪ್ಪನೇ. ಹೊತ್ತವನು ಬೇರೆ ಯಾರೋ.

ಚಿಕ್ಕಮುನಿಯಪ್ಪ ಬಾಯಿಗಿಟ್ಟ ತುತ್ತನ್ನು ನಿಧಾನವಾಗಿ ನುಂಗಿದರು. "ಅಂಗಾದ್ರೆ ಮ್ಯಾಲಿನ ಗುಡಿಗೂ ಓಗ್ಬರಾನಾ ಕೋದಂಡಪ್ಪಾರೇ? ನಾವಿಬ್ರೇ," ಎಂದರು.

ಬೇಡ ಎನ್ನಲು ಕೋದಂಡಪ್ಪ ಬಾಯಿ ತೆರೆದ. ರಾಗಿಕಲ್ಲಿನ ಮುಂದೆ ಕೂತು ಹಾಡಿಕೊಳ್ಳುವ ಮಗಳು ಕಣ್ಣಮುಂದೆ ಬಂದಳು. ಬಾಯಿ ಮುಚ್ಚಿಕೊಂಡು ಎದ್ದ.

ಆ ಬಂಡೆಯನ್ನು ಅವನು ಹೇಗೆ ಹತ್ತಿದ ಎಂದು ಅವನಿಗೇ ಗೊತ್ತಿಲ್ಲ. ಕೊಡೆಯ ಕಡ್ಡಿ ಎರಡು ಮುರಿದವು. ಬೆನ್ನ ಮೇಲಿನ ಕುಟ್ಟಾಣಿ ಒಂದೊಂದು ಹೆಜ್ಜೆಗೂ ಒಂದೊಂದು ಏಟು ಹಾಕಿತು. ಮೊಣಕಾಲಿನ ಕಟಕ್ ಕೇಳಿಸದಿರಲಿ ಎಂದು ಅವನು ಉದ್ದಕ್ಕೂ ಗೋವಿಂದಾ ಗೋವಿಂದಾ ಎಂದು ಕೂಗುತ್ತಾ ಹೋದ. ನೋವು ತಡೆಯಲಾರದೆ ಬೇಗ ಮುಗಿದರೆ ಸಾಕೆಂದು ಚಿಕ್ಕಮುನಿಯಪ್ಪನವರಿಗಿಂತ ಮುಂಚೆಯೇ ಗುಡಿ ಮುಟ್ಟಿದ. ನಗುತ್ತಲೇ ಕೂತ. ಗೆದ್ದೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಅದನ್ನು ಗಾಳಿಯ ಮೇಲೆ ಹಾಕಿದ.

ಚಿಕ್ಕಮುನಿಯಪ್ಪ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕೂತರು. ಟವೆಲಿನಿಂದ ಬೆವರು ಒರೆಸಿಕೊಂಡರು. ಆಮೇಲೆ, ತಪ್ಪು ತಿಳಿಯಬಾರದು, ನಿಮ್ಮ ಹುಡುಗಿ ಚಿನ್ನದಂಥವಳು, ಆದರೆ ಈ ಸಂಬಂಧ ನಮಗೆ ಆಗಿಬರುವ ಹಾಗೆ ಕಾಣುವುದಿಲ್ಲ ಎಂದರು.

ಕೋದಂಡಪ್ಪನಿಗೆ ಬಂಡೆಯೇ ಕುಸಿದಂತಾಯಿತು. ತನ್ನಿಂದೇನಾದರೂ ಕುಂದಾಯಿತೇ ಎಂದು ಕೇಳಿದ.

"ನಿಮ್ದೇನೂ ತಪ್ಪಿಲ್ಲ. ನಿಮ್ ಕಾಲ್ದು," ಎಂದರು ಚಿಕ್ಕಮುನಿಯಪ್ಪ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಅವರ ದೊಡ್ಡ ಸೊಸೆಯ ಅಪ್ಪ ಕ್ಯಾಸಂಬಳ್ಳಿಯ ದೊಡ್ಡವೆಂಕಟಪ್ಪ. ಆ ಮನುಷ್ಯನ ಕಾಲು ಕಬ್ಬಿಣ. ವಾರವಾರವೂ ನಡೆದೇ ಬಂದುಬಿಡುತ್ತಾನೆ. ಜಗಲಿಯ ಮೇಲೆ ಕೂತು, ಎಮ್ಮೆ ಯಾಕೆ ಹಾಲು ಕಡಿಮೆ ಕೊಡುತ್ತಿದೆ, ಸಾರಿಗೆ ಯಾಕೆ ಉಪ್ಪು ಕಡಿಮೆ ಎಂದು ಎಲ್ಲವನ್ನೂ ವಿಚಾರಣೆ ಮಾಡುತ್ತಾನೆ. ಮೂರು ದಿನ ಇದ್ದು ಹೋಗುತ್ತಾನೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತಾನೆ. ಇನ್ನೊಬ್ಬ ಬೀಗ ಹೀಗೆಯೇ ಗಂಟುಬಿದ್ದರೆ ಮನೆಬಿಟ್ಟು ಹೋಗುತ್ತೇನೆ ಎಂದು ಮುತ್ಯಾಲಮ್ಮ ಹಟ ಹಿಡಿದಿದ್ದಾರೆ. ಹುಡುಗಿಯ ಅಪ್ಪನಿಗೆ ಮೊಣಕಾಲು ಸರಿಯಿಲ್ಲ, ಮನೆಬಿಟ್ಟು ಎಲ್ಲಿಗೂ ಹೋಗಲಾರ ಎಂದು ಯಾರೋ ಹೇಳಿದ್ದರು. ಅದನ್ನು ಕೇಳಿಯೇ ಗಂಡ ಹೆಂಡತಿ ಈ ಸಂಬಂಧಕ್ಕೆ ಮನಸ್ಸು ಮಾಡಿದ್ದು.

"ಇಂತಾ ಬಂಡೇನೇ ಇಂಗೆ ಅತ್ತಿಬಂದೋರಿಗೆ ಬಂಗಾರಪೇಟೆ ಯಾವ ಲೆಕ್ಕ," ಎಂದು ಅವರು ನಿಟ್ಟುಸಿರು ಬಿಟ್ಟರು.

ಕೋದಂಡಪ್ಪ ಅವರ ಕೈ ಹಿಡಿದುಕೊಂಡ. ಬೆಳಗಿನಿಂದ ನುಂಗಿಟ್ಟುಕೊಂಡದ್ದನ್ನೆಲ್ಲ ಕಕ್ಕಿಬಿಟ್ಟ. ಕಲ್ಲು ಬಿದ್ದದ್ದು, ದೀಪದ ರೂಮು, ಓದಲಾಗದ ಶಾಸನ, ಗೋವಿಂದನನ್ನು ಕರೆದ ಕಾರಣ, ಒಂದನ್ನೂ ಬಿಡಲಿಲ್ಲ. "ನಿಮ್ಮಾಣೆಗೂ ನನ್ ಕಾಲು ಕೆಟ್ಟೋಗೈತೆ ಸ್ವಾಮಿ. ನಾನು ಬರೋದೇ ಇಲ್ಲ. ಬೇಕಾದ್ರೆ ಮುಟ್ಟಿ ನೋಡಿ," ಎಂದು ಪಂಚೆ ಸರಿಸಿ ಮೊಣಕಾಲು ತೋರಿಸಿದ. ದುರದೃಷ್ಟಕ್ಕೆ ಹೊರಗಿನಿಂದ ಅದು ಬಹಳ ಚೆನ್ನಾಗಿಯೇ ಕಾಣುತ್ತಿತ್ತು.

ಚಿಕ್ಕಮುನಿಯಪ್ಪನವರಿಗೆ ಅವನ ಮೇಲೆ ಮರುಕ ಬಂತು. ಹುಡುಗಿಯ ಅಪ್ಪಂದಿರು ಏನೇನು ಹೇಳಬೇಕಾಗುತ್ತದೋ ಪಾಪ ಎಂದು ಅವನ ಬೆನ್ನು ತಟ್ಟಿ, ತಮಗಿಂತ ಮುಂಚೆ ಗುಡಿ ಮುಟ್ಟಿದವರು ಯಾರು ಎಂದು ಮೆತ್ತಗೆ ನೆನಪಿಸಿದರು. ಇಳಿಯುವಾಗ ಕೋದಂಡಪ್ಪ ಮುಚ್ಚುಮರೆ ಬಿಟ್ಟು ಕುಂಟಿದ, ನರಳಿದ, ಕೂತು ಕೂತು ಜಾರಿದ. ಅವರು ಸೌಜನ್ಯಕ್ಕೆ ಬೇರೆ ಕಡೆ ನೋಡುತ್ತಾ ಇಳಿದರು. ಕೆಳಗೆ ಡೋಲಿಯವರು ಮತ್ತೆ ಬಂದರು. ಈ ಸಲ ಅವರು ಕೇಳುವ ಮೊದಲೇ ಅವನು ಹತ್ತಿ ಕೂತ. ನೋಡಿದವರು ಹಣವಂತರ ಶೋಕಿ ಎಂದುಕೊಂಡರು.

ಬಸ್ಸಿನಲ್ಲಿ ಆದಿಲಕ್ಷ್ಮಮ್ಮ ವಿಷಯ ತಿಳಿದು ಹಣೆ ಒತ್ತಿಕೊಂಡಳು. ಪೆರುಮಾಳ್ ಬೆನ್ನಿನ ಕತೆ ತಿರುಗಿಸಿ ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಬಂಗಾರಪೇಟೆ ಬಂತು. ಚಿಕ್ಕಮುನಿಯಪ್ಪ ದಂಪತಿ ಕೈಮುಗಿದು ಇಳಿದು ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದ್ದರು. ಕೊನೆಯದಾಗಿ ಒಮ್ಮೆ ಕಾಲು ಹಿಡಿದಾದರೂ ಕೇಳಿ ಎಂದು ಆದಿಲಕ್ಷ್ಮಮ್ಮ ಗಂಡನನ್ನು ಎಬ್ಬಿಸಿ ಬಾಗಿಲಿಗೆ ಕಳಿಸಿದಳು.

ಕೋದಂಡಪ್ಪ ಎಡಗಾಲು ನೆಲಕ್ಕೆ ಇಟ್ಟ. ಬಲಮೊಣಕಾಲು ಕಟಕ್ ಎಂದು ಬಸ್ಸಿನ ಮೆಟ್ಟಿಲ ಮೇಲೆಯೇ ಸೆಟೆದು ನಿಂತಿತು. ಮೇಲಕ್ಕೂ ಬಾರದು, ಕೆಳಕ್ಕೂ ಬಾರದು. ಅವನು ಸರಳು ಹಿಡಿದು, ಒಂದು ಕಾಲು ಬಸ್ಸಿನಲ್ಲಿ ಒಂದು ಕಾಲು ಬಂಗಾರಪೇಟೆಯಲ್ಲಿ ನಿಂತು, "ಬೀಗರೇ, ಇಲ್ನೋಡಿ, ಈಗ್ಲಾದ್ರೂ ನೋಡಿ," ಎಂದು ಕೂಗಿದ.

ಮುತ್ಯಾಲಮ್ಮ ತಿರುಗಿ ನೋಡಿ ಗಂಡನ ತೋಳು ಹಿಡಿದು ಎಳೆದರು. "ಬಿರಬಿರನೆ ನಡೀರಿ. ಮದ್ವೆ ಮಾತೇ ಆಗಿಲ್ಲ, ಆಗ್ಲೇ ನಮ್ಮೂರಲ್ಲಿ ಇಳೀತಾವ್ರೆ."