ದೇವರ ಗೂಡಿನಲ್ಲಿಟ್ಟ ಭಾರಜಲ

ನಾನು ಹುಟ್ಟಾ ಪುಕ್ಕಲ. ಅದನ್ನು ಮುಚ್ಚಿಕೊಳ್ಳಲೆಂದೇ ರಸಾಯನಶಾಸ್ತ್ರ ಹಿಡಿದೆನೋ ಏನೋ. ಬಾಯಿ ತುಂಬ ದೊಡ್ಡ ದೊಡ್ಡ ಹೆಸರುಗಳಿದ್ದರೆ ಹಲ್ಲು ಕಟಕಟಿಸುವುದು ಯಾರಿಗೂ ಕೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಕಾಲೇಜೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಪ್ರಯೋಗಾಲಯಕ್ಕೆ ಸುಣ್ಣ ಹೊಡೆಯುತ್ತಿದ್ದಾರೆಂದು ನಮ್ಮ ಪ್ರೊಫೆಸರರು ಭಾರಜಲದ ಪುಟ್ಟ ಶೀಶೆಯೊಂದನ್ನು ನನ್ನ ಕೈಗಿಟ್ಟು, "ಮನೆಯಲ್ಲಿ ಜೋಪಾನವಾಗಿಡಿ" ಎಂದರು. ನೋಡಲು ನೀರೇ, ಆದರೆ ಅದರಲ್ಲಿ ಹೈಡ್ರೋಜನ್ನಿನ ಜಾಗಕ್ಕೆ ಅದರ ತೂಕದ ಅಣ್ಣ ಡ್ಯುಟೀರಿಯಂ ಬಂದು ಕೂತಿರುತ್ತದೆ. ಈ ಅಣ್ಣನನ್ನು ಔಷಧದ ಅಣುವಿನೊಳಗೆ ಕೂರಿಸಿದರೆ, ಆ ಔಷಧ ಮೈಯಲ್ಲಿ ಎಲ್ಲಿ ಹೋಯಿತು, ಏನಾಯಿತು ಎಂದು ಹಿಂಬಾಲಿಸಿ ತಿಳಿಯಬಹುದು. ಅಗಸ ಬಟ್ಟೆಗೆ ಗುರುತು ಹಾಕಿದಂತೆ. ಮನೆಯಲ್ಲಿ ಮಕ್ಕಳ ಕೈ ತಾಗದ ಜಾಗ ದೇವರ ಗೂಡೊಂದೇ. ಅಲ್ಲಿಟ್ಟೆ.

ಅಕ್ಕಲಕೋಟೆಯಿಂದ ಮಗಳ ಮನೆಗೆಂದು ಬಂದಿದ್ದ ನಮ್ಮ ಅತ್ತೆ ಮರುದಿನ ಸ್ನಾನ ಮಾಡಿ ದೇವರಿಗೆ ಕೈಮುಗಿದರು. ದೇವರ ಮುಂದಿರುವ ನೀರು ಅವರ ಪಾಲಿಗೆ ತೀರ್ಥವೇ. ಮೂರು ಸಲ ಅಂಗೈಗೆ ಸುರಿದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡು, ಖಾಲಿ ಶೀಶೆಯನ್ನು ನನಗೆ ಕೊಟ್ಟರು.

"ಎಲ್ಲೀದ್ರಿ ಈ ತೀರ್ಥ? ಭಾಳ ಛಲೋ ಅದ."

ಅದು ಭಾರಜಲದ ಶೀಶೆ. ಇದು ವಿಕಿರಣ ಸೂಸುವುದಿಲ್ಲ, ಸ್ವಲ್ಪ ಹೊಟ್ಟೆಗೆ ಹೋದರೆ ಏನೂ ಆಗದು ಎಂದು ವರ್ಷ ವರ್ಷವೂ ಎದೆಯುಬ್ಬಿಸಿ ಪಾಠ ಹೇಳಿದವನು ನಾನೇ. ಆದರೆ ಆಗ ನೆನಪಾದದ್ದು ಆ ಪಾಠದ ಕೊನೆಯ ಸಾಲು ಮಾತ್ರ: ಮೈಯ ನೀರಿನಲ್ಲಿ ಅರ್ಧದಷ್ಟು ಇದೇ ತುಂಬಿದರೆ ಇಲಿ ಸಾಯುತ್ತದೆ. ನಿಜ ಹೇಳಲು ಧೈರ್ಯವಾಗಲಿಲ್ಲ. ಕಾಲು ಗಂಟೆಗೊಮ್ಮೆ "ತಬ್ಯೇತ ಹ್ಯಾಂಗದ್ರಿ?" ಎಂದು ಆರೋಗ್ಯ ವಿಚಾರಿಸಿದೆ. ಮಧ್ಯಾಹ್ನ ಅವರು ಊರಿಗೆ ಹೊರಟಾಗ ನಾನೂ ಬಸ್ಸು ಹತ್ತಿದೆ. ಗುರುತು ಬಿದ್ದದ್ದು ಅತ್ತೆಗೆ, ಹಿಂಬಾಲಿಸುವ ಕೆಲಸ ನನಗೆ. ಅವರು ಆಕಳಿಸಿದರೆ ನಾಡಿ ಹಿಡಿದು ನೋಡುತ್ತಿದ್ದೆ. ಕಣ್ಣು ಮುಚ್ಚಿದಾಗ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡಿದೆ. ಹಿಂದಿನ ಸೀಟಿನವರು ಏನಾಯಿತೋ ಎಂಬ ಗಾಬರಿಯಿಂದ ಮರಾಠಿಯಲ್ಲಿ "ಕಾಯ್ ಝಾಲಂ?" ಎಂದರು.

ಅಕ್ಕಲಕೋಟೆಯಲ್ಲಿ ಅತ್ತೆ ದುಡುದುಡು ಇಳಿದು ನಡೆದೇ ಬಿಟ್ಟರು. ನಾನು ಹಿಂದುಳಿದೆ. ಮನೆ ಮುಟ್ಟುವಷ್ಟರಲ್ಲಿ ನೆರೆಮನೆಯಾಕೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು: "ಲಗ್ನ ಆಗಿ ಹನ್ನೆರಡ ವರ್ಷ ಆತು, ನಮ್ಮ ಅಳಿಯಾರು ಒಂದ ದಿನಾ ನನ್ನ ತಬ್ಯೇತ ಕೇಳಿದವರಲ್ಲ. ಇವತ್ತ ನೋಡ, ನನ್ನ ಕಾಳಜಿಗೆ ಇಲ್ಲೀ ತನಕಾ ಬಂದಾರ. ಹೆತ್ತ ಮಗನೂ ಹಿಂಗ ಮಾಡಂಗಿಲ್ಲ."

ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಪ್ರೊಫೆಸರರ ಮುಂದೆ ಶೀಶೆ ಒಡೆಯಿತೆಂದು ಸುಳ್ಳು ಹೇಳಿ ಬೈಸಿಕೊಂಡೆ. ಅತ್ತೆಗೆ ಏನೂ ಆಗಲಿಲ್ಲ. ಅಂದಿನಿಂದ ಅವರು ಇರುವ ತನಕ ತಿಂಗಳಿಗೊಮ್ಮೆ ಹೋಗಿ ಕ್ಷೇಮ ವಿಚಾರಿಸಿದೆ. ಊರವರು ಅದನ್ನು ಪ್ರೀತಿ ಎಂದರು. ನಾನು ಹೋಗುತ್ತಿದ್ದದ್ದು, ಹೋಗುವುದು ಬಿಟ್ಟರೆ ಅಂದು ಬಂದದ್ದು ಬರೀ ಕಾಳಜಿಗಲ್ಲವೆಂದು ತಿಳಿದು ಆ ಮುದುಕಿ ಮತ್ತೊಮ್ಮೆ ಅತ್ತಾರೆಂಬ ಅಂಜಿಕೆಗೆ.